ಅಪ್‌ಡೇಟ್ ಮಾಡಿದ್ದೀನಿ ಸರ್, ಆದ್ರೆ ಅಪ್‌ಡೇಟ್ ಆಗಿಲ್ಲ

ಮೊನ್ನೆ ರಾತ್ರಿ ಹತ್ತೂವರೆಗೆ ಟೀಮಿಗೆ ಹೊಸದಾಗಿ ಸೇರಿದ ಹುಡುಗನ ಫೋನ್. "ಸರ್, ಸರ್ವರ್ ಅಪ್‌ಡೇಟ್ ಮಾಡಿದೆ. ಸ್ಕ್ಯಾನ್ ರಿಪೋರ್ಟಲ್ಲಿ ಇನ್ನೂ ಹಳೇ ಓಪನ್‌ಎಸ್‌ಎಸ್‌ಎಲ್ಲೇ ತೋರಿಸ್ತಿದೆ." ಓಪನ್‌ಎಸ್‌ಎಸ್‌ಎಲ್ ಅಂದರೆ ಡೇಟಾವನ್ನು ಗುಟ್ಟಾಗಿಡೋ ಸಾಫ್ಟ್‌ವೇರ್. ಏನು ಟೈಪ್ ಮಾಡಿದೆ ಅಂತ ಕೇಳಿದೆ. "ಸುಡೋ ಆಪ್ಟ್ ಅಪ್‌ಡೇಟ್." ಆಮೇಲೆ? "ಆಮೇಲೇನಿಲ್ಲ ಸರ್. ಎರರ್ ಬರಲಿಲ್ಲ."

ಬೈಯೋಕೆ ಮನಸ್ಸು ಬರಲಿಲ್ಲ. ಡೆಬಿಯನ್, ಉಬುಂಟು ಥರದ ಲಿನಕ್ಸ್‌ಗಳಲ್ಲಿ ಸಾಫ್ಟ್‌ವೇರ್ ಹಾಕೋ ಟೂಲ್ ಆಪ್ಟ್. ಅದರಲ್ಲಿ ಅಪ್‌ಡೇಟ್ ಅಂದರೆ ಯಾವ ಸಾಫ್ಟ್‌ವೇರೂ ಹೊಸದಾಗುವುದಿಲ್ಲ. ಏನೇನು ಸಿಗುತ್ತೆ ಅನ್ನೋ ಪಟ್ಟಿ ಮಾತ್ರ ಹೊಸದಾಗುತ್ತದೆ. ಅಂಗಡಿಯಿಂದ ರೇಟ್ ಲಿಸ್ಟ್ ತಂದ ಹಾಗೆ. ಸಾಮಾನು ಮನೆಗೆ ಬರಬೇಕಾದರೆ ಆಪ್ಟ್ ಅಪ್‌ಗ್ರೇಡ್ ಅನ್ನಬೇಕು.

ಅವನ ಸ್ಕ್ರೀನಿನ ಕೊನೇ ಸಾಲಲ್ಲಿ 23 ಪ್ಯಾಕೇಜ್ (ಅಂದರೆ ಸಾಫ್ಟ್‌ವೇರ್ ಕಟ್ಟು) ಅಪ್‌ಗ್ರೇಡ್ ಮಾಡಬಹುದು ಅಂತ ಬಂದಿತ್ತು. ಅವನು ಓದಿದ್ದಾನೆ ಕೂಡ. ಅಪ್‌ಡೇಟ್ ಈಗಷ್ಟೇ ಆಯ್ತಲ್ಲ, ಇದು ಉಬುಂಟುವಿನ ಮುಂದಿನ ವರ್ಷನ್‌ಗೆ ಹೋಗೋದಿರಬೇಕು ಅಂತ ಬಿಟ್ಟಿದ್ದಾನೆ. ತಪ್ಪೇನು ಹೇಳಿ? ವಾಟ್ಸ್ಆ್ಯಪ್ ಅಪ್‌ಡೇಟ್ ಮಾಡು ಅಂದರೆ ನಮ್ಮಮ್ಮನಿಗೂ ಗೊತ್ತು, ಹೊಸದು ಬಂದು ಕೂರುತ್ತೆ ಅಂತ. ಅದೂ ಅಲ್ಲದೆ ಹುಡುಗ ಕಾಲೇಜಲ್ಲಿ ಕಲಿತದ್ದು ಫೆಡೋರಾ ಅನ್ನೋ ಇನ್ನೊಂದು ಲಿನಕ್ಸ್‌ನಲ್ಲಿ. ಆಪ್ಟ್ ಬದಲು ಅಲ್ಲಿರೋ ಡಿಎನ್‌ಎಫ್‌ನಲ್ಲಿ ಅಪ್‌ಡೇಟ್, ಅಪ್‌ಗ್ರೇಡ್ ಎರಡೂ ಒಂದೇ ಕೆಲಸ ಮಾಡುತ್ತವೆ. ಓಪನ್‌ಸೂಸೆ ಅನ್ನೋ ಮತ್ತೊಂದು ಲಿನಕ್ಸಿನ ಜಿಪರ್‌ನಲ್ಲಿ ಪಟ್ಟಿ ತರೋದಕ್ಕೆ ರಿಫ್ರೆಶ್ ಅಂತಾರೆ. ಎಷ್ಟು ಸಲೀಸು ನೋಡಿ.

ಡಿಸ್ಟ್-ಅಪ್‌ಗ್ರೇಡ್ ಅನ್ನೋದು ಆಪ್ಟ್‌ನದೇ ಇನ್ನೊಂದು ಕಮಾಂಡ್. ಹೆಸರು ಕೇಳಿದರೆ ಇಡೀ ಡಿಸ್ಟ್ರಿಬ್ಯೂಷನ್ನೇ, ಅಂದರೆ ಉಬುಂಟುವೇ, ಬದಲಾಗುತ್ತೆ ಅನ್ಸುತ್ತೆ. ಅದಷ್ಟಕ್ಕೇ ಹಾಗೇನೂ ಆಗಲ್ಲ. ಅಪ್‌ಗ್ರೇಡ್ ಮಾಡುವಾಗ ಬೇಕಾದರೆ ಕೆಲವು ಪ್ಯಾಕೇಜ್ ಕಿತ್ತು ಹಾಕೋಕೂ ಒಪ್ಪಿಗೆ ಇದೆ ಅಂತ ಅದರ ಅರ್ಥ, ಅಷ್ಟೇ. ಈಗಿನ ಆಪ್ಟ್‌ನಲ್ಲಿ ಅದಕ್ಕೆ ಫುಲ್-ಅಪ್‌ಗ್ರೇಡ್ ಅಂತಾರೆ. ಕಿತ್ತು ಹಾಕೋ ಸುದ್ದಿ ಈ ಹೆಸರಲ್ಲೂ ಇಲ್ಲ!

ಹಳಬರ ಉತ್ತರ ಒಂದೇ: ಮ್ಯಾನ್ ಪೇಜ್ (ಕಮಾಂಡಿನ ಕೈಪಿಡಿ) ಓದಬೇಕಪ್ಪ. ನಾನು ಒಪ್ಪಲ್ಲ. ಗೊತ್ತಿಲ್ಲದ ಪದ ಬಂದರೆ ಹುಡುಕುತ್ತೇವೆ. ಗೊತ್ತಿದೆ ಅಂದುಕೊಂಡ ಪದಕ್ಕೆ ಮ್ಯಾನ್ ಪೇಜ್ ಯಾರು ತೆಗೀತಾರೆ? ಹೆಸರು ಅರ್ಥವಾಗದಿದ್ದರೂ ಪರವಾಗಿಲ್ಲ, ತಪ್ಪು ಅರ್ಥವಾಗಬಾರದು.

ಪೈಥಾನ್‌ನಲ್ಲಂತೂ ಕೇಳಬೇಡಿ. ಕೋಡಿನಲ್ಲಿ ಸಿವಿ2 ಅಂತ ಬರೀತೀವಿ, ಇನ್‌ಸ್ಟಾಲ್ ಮಾಡೋದು ಓಪನ್‌ಸಿವಿ-ಪೈಥಾನ್. ಯಾಮಲ್ ಬೇಕಾದರೆ ಪೈಯಾಮಲ್. ಪಿಲ್ಲೋ ಕಥೆಗೆ ಕಾರಣವಾದರೂ ಇದೆ: ಪಿಐಎಲ್ ಅನ್ನೋ ಚಿತ್ರಗಳ ಲೈಬ್ರರಿ ನಿಂತುಹೋದಾಗ ಅದರಿಂದ ಕವಲೊಡೆದದ್ದು, ಹಳೇ ಕೋಡ್ ಓಡಲಿ ಅಂತ ಕೋಡಿನಲ್ಲಿ ಬರೆಯೋ (ಇಂಪೋರ್ಟ್) ಹೆಸರು ಪಿಐಎಲ್ ಅಂತಲೇ ಉಳಿಸಿಕೊಂಡರು. ಆದರೆ ಹೆಸರನ್ನು ಊಹಿಸೋ ಅಭ್ಯಾಸ ಬಿದ್ದರೆ ಕಳ್ಳರಿಗೆ ಹಬ್ಬ. 2017ರಲ್ಲಿ ಎನ್‌ಪಿಎಂ ಅನ್ನೋ ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಭಂಡಾರದಲ್ಲಿ ಕ್ರಾಸ್-ಎನ್ವ್ ಬದಲು ನಡುವಿನ ಗೆರೆ ಬಿಟ್ಟು ಟೈಪ್ ಮಾಡಿದವರಿಗೆ ಕಳ್ಳರು ಆ ಹೆಸರಲ್ಲಿಟ್ಟ ನಕಲಿ ಪ್ಯಾಕೇಜ್ ಸಿಕ್ಕಿ, ಅವರ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು (ಪ್ರೋಗ್ರಾಂಗಳಿಗಾಗಿ ಸಿಸ್ಟಂನಲ್ಲಿಟ್ಟ ಸೆಟ್ಟಿಂಗ್‌ಗಳು) ಕಳುವಾದವು. ಪಾಸ್‌ವರ್ಡ್, ಟೋಕನ್ ಎಲ್ಲಾ ಇರೋದು ಅಲ್ಲೇ ಅಲ್ವಾ?

ಈಗ ಆಪ್ಟ್‌ನ ಹೆಸರು ಬದಲಿಸೋಕಾಗಲ್ಲ, ಗೊತ್ತು. ಎಷ್ಟು ಸ್ಕ್ರಿಪ್ಟುಗಳಲ್ಲಿ ಕೂತಿದೆಯೋ ಲೆಕ್ಕವಿಲ್ಲ. ಹೊಸದಾಗಿ ಟೂಲ್ ಬರೆಯೋರಾದರೂ ಹೆಸರಿಡೋ ಮೊದಲು ಹೊಸಬನೊಬ್ಬನನ್ನು ಕೂರಿಸಿ, ಇದು ಏನು ಮಾಡುತ್ತೆ ಅನ್ಸುತ್ತೆ ಅಂತ ಕೇಳಲಿ.

ಇದನ್ನೆಲ್ಲ ಫೋನಲ್ಲಿ ಅರ್ಧ ಗಂಟೆ ಕೊರೆದೆ. ಹುಡುಗ ಪೂರ್ತಿ ಕೇಳಿಸಿಕೊಂಡು, "ಸರ್, ನಿಮ್ಮದೊಂದು ಕ್ಲೀನಪ್ ಸ್ಕ್ರಿಪ್ಟ್ ಇದೆಯಲ್ಲ, ಅದು ಏನನ್ನು ಕ್ಲೀನ್ ಮಾಡುತ್ತೆ?" ಅಂದ. ಹಳೇ ಲಾಗ್ ಕಣೋ ಅಂದೆ. ಯಾಕೋ ಅನುಮಾನ ಬಂದು ತೆಗೆದು ನೋಡಿದೆ. ಮೂವತ್ತು ದಿನ ದಾಟಿದ ಬ್ಯಾಕಪ್ಪನ್ನೂ ಅಳಿಸುತ್ತಿತ್ತು. ಬರೆದವನು ನಾನೇ.