ಗಡಿ ದಾಟುವ ಕಳ್ಳರಿಗೆ ದೇಶಗಳ ಒಪ್ಪಂದ ಬೇಲಿಯಾದೀತೇ?

ಪರ
(ನಿವೃತ್ತ ಇತಿಹಾಸ ಶಿಕ್ಷಕ, ಮಡಿಕೇರಿ)

ಪರವಾಗಿ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಪೂರ್ತಿ ನಂಬಿ ಬರೆಯುತ್ತಿದ್ದೇನೆ ಅಂದರೆ ಸುಳ್ಳಾದೀತು. ಆದರೂ ಹೇಳಲು ಮಾತಿದೆ.

1992ರ ಮೇ ತಿಂಗಳಲ್ಲಿ ಇಟಲಿಯ ಸಿಸಿಲಿಯಲ್ಲಿ ಜಿಯೊವಾನಿ ಫಾಲ್ಕೋನೆ ಎಂಬ ನ್ಯಾಯಾಧೀಶರು ಹೋಗುತ್ತಿದ್ದ ಹೆದ್ದಾರಿಯನ್ನೇ ಮಾಫಿಯಾದವರು ಸ್ಫೋಟಿಸಿದರು. ಅವರು, ಅವರ ಹೆಂಡತಿ, ಮೂವರು ಕಾವಲು ಪೊಲೀಸರು ಸತ್ತರು. ಫಾಲ್ಕೋನೆ ಮಾಡಿದ್ದ ತಪ್ಪೇನು? ಹೆರಾಯಿನ್ ಮಾರಿದ ದುಡ್ಡು ಯಾವ ದೇಶದ ಯಾವ ಬ್ಯಾಂಕಿಗೆ ಹೋಯಿತು ಎಂದು ಬೆನ್ನು ಹತ್ತಿದ್ದು. ಅದಕ್ಕಾಗಿ ಅಮೆರಿಕದ ಅಧಿಕಾರಿಗಳ ಜೊತೆ ಸೇರಿ ಕೆಲಸ ಮಾಡಿದ್ದು. ಸಂಘಟಿತ ಅಪರಾಧದ ವಿರುದ್ಧ ವಿಶ್ವಸಂಸ್ಥೆಯ ಒಪ್ಪಂದಕ್ಕೆ 2000ದ ಡಿಸೆಂಬರ್‌ನಲ್ಲಿ ದೇಶಗಳು ಸಹಿ ಹಾಕಲು ಸೇರಿದ್ದು ಅವರ ಊರು ಪಲೆರ್ಮೋದಲ್ಲೇ. ಭಾರತ 2011ರಲ್ಲಿ ಅದನ್ನು ಅನುಮೋದಿಸಿತು.

ಇಟಲಿ ದೂರವಾಯಿತು ಅನ್ನುತ್ತೀರಾ? ವಿದೇಶದಲ್ಲಿ ಕೂತು ನಮ್ಮ ರಾಜ್ಯದವರಿಗೆ ಫೋನ್ ಮಾಡಿ ಹಣ ಕೇಳುತ್ತಿದ್ದ ಆರೋಪದ ರವಿ ಪೂಜಾರಿ 2019ರಲ್ಲಿ ಸಿಕ್ಕಿಬಿದ್ದದ್ದು ಆಫ್ರಿಕಾದ ಸೆನೆಗಲ್‌ನಲ್ಲಿ. 2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ಕರೆತಂದರು. ಆ ದೇಶ ಸಹಕರಿಸದಿದ್ದರೆ ನಮ್ಮ ಇನ್‌ಸ್ಪೆಕ್ಟರು ಸೆನೆಗಲ್‌ವರೆಗೆ ಜೀಪು ಓಡಿಸಿಕೊಂಡು ಹೋಗುತ್ತಿದ್ದರಾ? ಕೆಲಸದ ಆಸೆ ತೋರಿಸಿ ಮ್ಯಾನ್ಮಾರ್ ಕಡೆಯ ಆನ್‌ಲೈನ್ ವಂಚನೆಯ ಅಡ್ಡೆಗಳಿಗೆ ಕರೆದೊಯ್ದಿದ್ದ ನಮ್ಮವರಲ್ಲಿ 549 ಜನ 2025ರ ಮಾರ್ಚ್‌ನಲ್ಲಿ ಮನೆಗೆ ಮರಳಿದರು. ವಾಯುಪಡೆಯ ವಿಮಾನ ಅವರನ್ನು ಹತ್ತಿಸಿಕೊಂಡದ್ದು ಥಾಯ್ಲೆಂಡ್‌ನಲ್ಲಿ, ಅಂದರೆ ಅಲ್ಲೂ ಇನ್ನೊಂದು ದೇಶದ ಸಹಕಾರ ಬೇಕಾಯಿತು.

ಒಪ್ಪಂದವೇ ವ್ಯರ್ಥ ಎನ್ನುವವರು, ಬೇಲಿ ಹಾಕಿದರೂ ಆನೆ ಬರುತ್ತದೆ, ಹಾಗಾಗಿ ಬೇಲಿಯೇ ಬೇಡ ಅಂದ ಹಾಗೆ ಮಾತಾಡುತ್ತಾರೆ. ಅವರಿಗೆ ನಾನೇನು ಹೇಳಲಿ.

ವಿರೋಧ
(ಕಾಫಿ, ಮೆಣಸು ಬೆಳೆಗಾರ, ಪೊನ್ನಂಪೇಟೆ)

ಮೇಷ್ಟ್ರು ಬೇಲಿಯ ಮಾತು ಎತ್ತಬಾರದಿತ್ತು. ಆನೆ ಒಣಮರವನ್ನು ಸೋಲಾರ್ ತಂತಿ ಮೇಲೆ ಕೆಡವಿ ಆರಾಮಾಗಿ ದಾಟಿದ್ದನ್ನು ಕಣ್ಣಾರೆ ನೋಡಿದವ ನಾನು. ಕಳ್ಳರಿಗೆ ಅಷ್ಟು ಕಷ್ಟವೂ ಇಲ್ಲ. ಅವರು ಗೇಟಿನಿಂದಲೇ ಬರುತ್ತಾರೆ.

ಆ ಗೇಟೇ ಒಪ್ಪಂದ. ಭಾರತ ಮತ್ತು ಶ್ರೀಲಂಕಾ 1998ರಲ್ಲಿ ಮುಕ್ತ ವ್ಯಾಪಾರಕ್ಕೆ ಸಹಿ ಹಾಕಿದವು, 2000ದಲ್ಲಿ ಜಾರಿಯಾಯಿತು. ಲಂಕಾದಲ್ಲಿ ಬೆಳೆದ ಮೆಣಸಿಗೆ ಸುಂಕದಲ್ಲಿ ರಿಯಾಯಿತಿ ಸಿಕ್ಕಿತು. ವಿಯೆಟ್ನಾಂನಿಂದ ನೇರ ತಂದರೆ ಸುಂಕ ಜಾಸ್ತಿ. ಅದಕ್ಕೇ ವಿಯೆಟ್ನಾಂ ಮೆಣಸನ್ನು ಲಂಕಾಕ್ಕೆ ತಂದು, ಇದು ಇಲ್ಲೇ ಬೆಳೆದದ್ದು ಅಂತ ಕಾಗದ ಮಾಡಿಸಿ ನಮ್ಮ ಬಂದರಿನಲ್ಲಿ ಇಳಿಸಿದರು. ಮೂರು ದೇಶಕ್ಕೆ ಒಂದೇ ಸೀಲು! ಇದು ಗಡಿ ದಾಟಿದ ಸಂಘಟಿತ ಅಪರಾಧ ಅಲ್ವಾ? ಪಿಸ್ತೂಲು ಇದ್ದರೆ ಮಾತ್ರ ಅಪರಾಧವಾ?

2017ರ ನವೆಂಬರ್‌ನಲ್ಲಿ, ದರ ಏರೀತು ಅಂತ ಇಟ್ಟುಕೊಂಡಿದ್ದ ಮೂರು ಚೀಲ ಮೆಣಸನ್ನು ಜೀಪಿಗೆ ಹಾಕಿಕೊಂಡು ವ್ಯಾಪಾರಿಯ ಹತ್ತಿರ ಹೋದೆ. ಹಿಂದಿನ ವರ್ಷ ಕಿಲೋಗೆ 650ರ ಮೇಲೆ ಕೊಟ್ಟವನು 400 ಅಂದ. ಯಾಕಪ್ಪಾ ಅಂದೆ. ಏನೂ ಹೇಳದೆ ಗೋಡೌನ್ ಒಳಗೆ ಕರೆದುಕೊಂಡು ಹೋಗಿ, ಒಂದು ಚೀಲ ಬಿಚ್ಚಿ, ಒಂದು ಹಿಡಿ ನನ್ನ ಕೈಗೆ ಹಾಕಿದ. ಎಲ್ಲ ಒಂದೇ ಅಳತೆಯ ಕಾಳು. ಒಂದು ಕಡ್ಡಿಯಿಲ್ಲ, ಧೂಳಿಲ್ಲ. ನಾವು ಕಣದಲ್ಲಿ ಒಣಗಿಸಿ ಎಷ್ಟು ಕೇರಿದರೂ ಒಂದೆರಡು ಕಡ್ಡಿ ಉಳಿದೇ ಉಳಿಯುತ್ತವೆ. ಒಂದು ಕಾಳು ಕಡಿದೆ. ಖಾರ ಬಂತು, ಘಮ ಬರಲಿಲ್ಲ. "ನಿಮ್ಮದರ ಜೊತೆ ಕಲಸಿದರೆ ಯಾರಿಗೆ ಗೊತ್ತಾಗುತ್ತೆ ಅಣ್ಣಾ" ಅಂದ. ಆ ಚೀಲದ ಮೇಲೆ ಬರೆದಿದ್ದದ್ದು ಕೊಡಗಿನ ಮೆಣಸು ಅಂತ. ಸಿಟ್ಟಿನಲ್ಲಿ ಮೂರೂ ಚೀಲ ವಾಪಸ್ ತಂದೆ.

ಇದಕ್ಕೆ ಮದ್ದು ಹುಡುಕಿದ್ದು ವಿಶ್ವಸಂಸ್ಥೆಯಾ? ಬೆಳೆಗಾರರು ಗಲಾಟೆ ಮಾಡಿದ ಮೇಲೆ ಅದೇ ಡಿಸೆಂಬರ್‌ನಲ್ಲಿ ದೆಹಲಿಯವರು ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿದರು, ಅದಕ್ಕಿಂತ ಅಗ್ಗದ ಮೆಣಸು ತರುವಂತಿಲ್ಲ ಅಂತ. ಇನ್ನೊಂದು ದೇಶದ ಸಹಿ ಬೇಕಾಗಲಿಲ್ಲ. ಬಿಲ್ಲಿನಲ್ಲಿ ಬೆಲೆ ಏರಿಸಿ ಬರೆದು ಆಮೇಲೂ ತಂದರು, ನಿಜ. ಅದನ್ನು ಹಿಡಿಯಬೇಕಾದವರೂ ನಮ್ಮ ಬಂದರಿನಲ್ಲೇ ಕೂತಿದ್ದಾರೆ, ಪಲೆರ್ಮೋದಲ್ಲಿ ಅಲ್ಲ.

ಸೆನೆಗಲ್‌ನಿಂದ ಒಬ್ಬನನ್ನು ತಂದದ್ದಕ್ಕೆ ಮೇಷ್ಟ್ರು ಹಬ್ಬ ಮಾಡುತ್ತಾರೆ. ಲಂಡನ್ನಿನ ಸುದ್ದಿಯನ್ನೇ ಎತ್ತಲಿಲ್ಲ, ನೋಡಿ. ಬ್ರಿಟನ್ ಜೊತೆ ಆರೋಪಿಗಳ ಹಸ್ತಾಂತರದ ಒಪ್ಪಂದ ಆದದ್ದು 1992ರಲ್ಲಿ. ವಿಜಯ್ ಮಲ್ಯ 2016ರ ಮಾರ್ಚ್‌ನಲ್ಲಿ ಹೋದರು. 2018ರಲ್ಲಿ ಅಲ್ಲಿನ ಕೋರ್ಟು ಕಳಿಸಬಹುದು ಅಂತು. 2020ರಲ್ಲಿ ಮೇಲ್ಮನವಿಯೂ ಬಿತ್ತು. ಆಮೇಲೆ? ಮ್ಯಾನ್ಮಾರಿನಿಂದ ಹುಡುಗರು ಬಂದದ್ದು ಒಳ್ಳೆಯದೇ, ಅದನ್ನು ಯಾರು ಬೇಡ ಅಂದರು. ಅವರನ್ನು ಕಳಿಸಿದ ಏಜೆಂಟರು ಇದೇ ದೇಶದಲ್ಲಿ ಇದ್ದರಲ್ಲ, ಅವರನ್ನು ಮೊದಲೇ ಹಿಡಿಯಲು ಯಾವ ಒಪ್ಪಂದ ಬೇಕಿತ್ತು?

ಆ ಮೂರು ಚೀಲ ಏನಾಯಿತು ಅಂತ ಕೇಳಬಹುದು. ಮುಂದಿನ ಜೂನ್‌ವರೆಗೆ ಇಟ್ಟೆ. ಮಗಳ ಹಾಸ್ಟೆಲ್ ಫೀಸ್ ಕಟ್ಟಬೇಕಿತ್ತು. 350ಕ್ಕೆ ಕೊಟ್ಟೆ, ಅದೇ ವ್ಯಾಪಾರಿಗೆ.