ಕರ್ನಲ್ ಸಾಹೇಬರ ರಿವಾಲ್ವರ್

ಹಳೆಯ ರಿವಾಲ್ವರನ್ನು ಕೊಳ್ಳುವ ಮುನ್ನ ಅದು ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವ ವಿದ್ಯೆಯನ್ನು ನಾನು ಎರಡು ವರ್ಷ ಶ್ರದ್ಧೆಯಿಂದ ಕಲಿತೆ. ಪುಸ್ತಕಗಳನ್ನು ಓದಿ ಟಿಪ್ಪಣಿ ಮಾಡಿಕೊಂಡೆ. ಹರಾಜಿನ ಕ್ಯಾಟಲಾಗುಗಳನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗಿದೆ. ಭೂತಗನ್ನಡಿ, ಸಣ್ಣ ಟಾರ್ಚು, ಬಿಳಿ ಹತ್ತಿಯ ಕೈಗವಸು ಎಲ್ಲವನ್ನೂ ಜೋಡಿಸಿಕೊಂಡೆ. ಇಷ್ಟು ಕಲಿತವನನ್ನು ಮೋಸ ಮಾಡುವುದು ಯಾರಿಗೂ ಸುಲಭವಲ್ಲ ಎಂಬ ನನ್ನ ನಂಬಿಕೆ ಸುಳ್ಳಾಗಲಿಲ್ಲ. ನನ್ನನ್ನು ಬೇರೆ ಯಾರೂ ಮೋಸ ಮಾಡಲಿಲ್ಲ. ಆ ಕೆಲಸವನ್ನು ನಾನೇ ಸ್ವಂತ ಖರ್ಚಿನಲ್ಲಿ ಮಾಡಿಕೊಂಡೆ.

ನನ್ನ ಕಣ್ಣು ಬಿದ್ದದ್ದು ಕೋಲ್ಟ್ ಸಿಂಗಲ್ ಆ್ಯಕ್ಷನ್ ಆರ್ಮಿ ಎಂಬ ಮಾದರಿಯ ಮೇಲೆ. ಅಮೆರಿಕದ ಸೈನ್ಯಕ್ಕಾಗಿ 1873ರಲ್ಲಿ ತಯಾರಾಗತೊಡಗಿ, ಎರಡನೆಯ ಮಹಾಯುದ್ಧದ ಹೊತ್ತಿಗೆ ಮೂರೂವರೆ ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹೊರಬಂದ ಈ ಆರು ಗುಂಡಿನ ರಿವಾಲ್ವರಿಗೆ ಸಂಗ್ರಾಹಕರೂ ಹೆಚ್ಚು, ನಕಲು ಮಾಡುವವರೂ ಹೆಚ್ಚು. ಇಟಲಿಯಲ್ಲಿ ಇದರ ಪ್ರತಿರೂಪಗಳನ್ನು ರಾಜಾರೋಷವಾಗಿಯೇ ತಯಾರಿಸುತ್ತಾರೆ, ಅವುಗಳ ಮೇಲೆ ಇಟಲಿಯ ಪರೀಕ್ಷಾ ಮುದ್ರೆಯೂ ಇರುತ್ತದೆ; ಅದು ತಪ್ಪಲ್ಲ. ತಪ್ಪು ಶುರುವಾಗುವುದು ಯಾರೋ ಒಬ್ಬರು ಅರ ಹಿಡಿದು ಆ ಮುದ್ರೆಯನ್ನು ಉಜ್ಜಿ ಅಳಿಸಿದಾಗ. ಇದಕ್ಕಿಂತಲೂ ಅಪಾಯಕಾರಿಯಾದದ್ದು ಅಸಲಿ ಭಾಗಗಳನ್ನೇ ಇಟ್ಟುಕೊಂಡು ಸುಳ್ಳು ಹೇಳುವ ರಿವಾಲ್ವರ್: ಚೌಕಟ್ಟು ಒಂದರದು, ನಳಿಗೆ ಮತ್ತೊಂದರದು, ಹಿಡಿ ಮೂರನೆಯದರದು, ಕಥೆ ಮಾತ್ರ ಮಾರುವವರದು.

ನನಗೆ ಸಿಕ್ಕ ಮಾರಾಟಗಾರರು ವಯಸ್ಸಾದ ಸೌಮ್ಯ ಯಜಮಾನರು. ಮೊದಲ ಭೇಟಿಯಲ್ಲಿ ಅವರು, ಈ ರಿವಾಲ್ವರನ್ನು 1874ರಲ್ಲಿ ಅಶ್ವದಳದ ಲೆಫ್ಟಿನೆಂಟ್ ಒಬ್ಬರು ತಮ್ಮ ಮುತ್ತಜ್ಜನಿಗೆ ಕೈಯಾರೆ ಕೊಟ್ಟರೆಂದು ಹೇಳಿದರು. ಎರಡನೆಯ ಭೇಟಿಯ ವೇಳೆಗೆ ಲೆಫ್ಟಿನೆಂಟರು ಕ್ಯಾಪ್ಟನ್ ಆಗಿದ್ದರು. ಮೂರನೆಯ ಸಲ ನಾನು ಕಾನೂನಿನ ಪ್ರಕಾರ ಬೇಕಾದ ಪರವಾನಗಿಯ ವಿಚಾರಣೆ ಮುಗಿಸಿ, ಚೆಕ್ ಪುಸ್ತಕದೊಂದಿಗೆ ಹೋದಾಗ ಅವರಿಗೆ ಕರ್ನಲ್ ಪದವಿ ಲಭಿಸಿತ್ತು. ಸೈನ್ಯದಲ್ಲಿ ಇಷ್ಟು ಬೇಗ ಬಡ್ತಿ ಸಿಗುವುದಿಲ್ಲವೆಂದು ನನಗೆ ಹೊಳೆಯಬೇಕಿತ್ತು. ಸಂಗ್ರಾಹಕರಲ್ಲಿ ‘ಬಂದೂಕನ್ನು ಕೊಳ್ಳು, ಕಥೆಯನ್ನು ಕೊಳ್ಳಬೇಡ’ ಎಂಬ ಮಾತಿದೆ. ನಾನೇ ಅದನ್ನು ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದೆ. ಆ ಪುಸ್ತಕವನ್ನು ಅಂದು ಮನೆಯಲ್ಲೇ ಮರೆತು ಹೋಗಿದ್ದೆ.

ಮೂರನೆಯ ಭೇಟಿಗೆ ನನ್ನೊಂದಿಗೆ ಹೆಂಡತಿಯೂ, ಗಡಿಯಾರ ರಿಪೇರಿಯ ಕಸುಬಿನ ಭಾವಮೈದುನನೂ ಬಂದಿದ್ದರು. ಆತನನ್ನು ಪರೀಕ್ಷೆಗೆಂದು ಕರೆದದ್ದಲ್ಲ. ನನ್ನ ಪಾಂಡಿತ್ಯಕ್ಕೆ ಸಾಕ್ಷಿಯಾಗಿ ಒಬ್ಬರು ಇರಲಿ ಎಂದು ಕರೆದದ್ದು. ನಾನು ಕೈಗವಸು ತೊಟ್ಟು, ಹ್ಯಾಮರನ್ನು, ಅಂದರೆ ಹಳಬರು ಕುದುರೆ ಎನ್ನುತ್ತಿದ್ದ ಭಾಗವನ್ನು, ಅರ್ಧ ಎಳೆದು, ಗುಂಡು ತುಂಬುವ ಪಕ್ಕದ ಪುಟ್ಟ ಬಾಗಿಲು ತೆರೆದು, ಸಿಲಿಂಡರನ್ನು ತಿರುಗಿಸುತ್ತ ಆರೂ ಮನೆಗಳು ಖಾಲಿಯೆಂದು ಖಚಿತಪಡಿಸಿಕೊಂಡೆ. ಆ ದಿನ ನಾನು ಸರಿಯಾಗಿ ಮಾಡಿದ ಕೆಲಸ ಇದೊಂದೇ. ಆನಂತರ ಹ್ಯಾಮರನ್ನು ಪೂರ್ತಿ ಕೆಳಗಿಳಿಸಿ, ಮತ್ತೆ ಮೊದಲಿನಿಂದ ಮೆಲ್ಲನೆ ಹಿಂದಕ್ಕೆಳೆದೆ. ಸುಸ್ಥಿತಿಯಲ್ಲಿರುವ ಈ ಮಾದರಿಯಲ್ಲಿ ಹಾಗೆ ಎಳೆಯುವಾಗ ನಾಲ್ಕು ಸಲ ಟಿಕ್ ಎನ್ನಬೇಕು: ಸುರಕ್ಷತೆಯ ಕಚ್ಚಿಗೆ ಒಂದು, ಅರ್ಧ ಎಳೆತಕ್ಕೆ ಒಂದು, ಸಿಲಿಂಡರನ್ನು ಹಿಡಿದು ನಿಲ್ಲಿಸುವ ಕೊಂಡಿ ಬೀಳುವಾಗ ಒಂದು, ಪೂರ್ತಿ ಎಳೆತಕ್ಕೆ ಒಂದು. ನಾನು ಕಣ್ಮುಚ್ಚಿ ಎಣಿಸಿ, ‘ನಾಲ್ಕು!’ ಎಂದು ಘೋಷಿಸಿದೆ. ಭಾವಮೈದುನ ಗೋಡೆಯ ಕಡೆ ನೋಡಿ, ‘ಭಾವ, ಒಂದು ಟಿಕ್ ಆ ಗಡಿಯಾರದ್ದು’ ಎಂದ. ಅವನ ಕಸುಬೇ ಅದಾದ್ದರಿಂದ ವಾದ ಮಾಡುವಂತಿರಲಿಲ್ಲ. ನೂರೈವತ್ತು ವರ್ಷದ ಯಂತ್ರಕ್ಕೆ ಒಂದು ಟಿಕ್ಕಿನ ರಿಯಾಯಿತಿ ಕೊಡಬಹುದೆಂದು ನಾನು ತೀರ್ಮಾನಿಸಿದೆ.

ಇಲ್ಲಿಂದ ಮುಂದೆ ನಡೆದದ್ದೆಲ್ಲವೂ ಇದೇ ಜಾಡಿನಲ್ಲಿ ನಡೆಯಿತು. ಒಂದೊಂದು ದೋಷ ಕಂಡಾಗಲೂ, ಅದನ್ನು ಗುಣವೆಂದು ಸಾಧಿಸಲು ಎರಡು ವರ್ಷದ ನನ್ನ ವಿದ್ಯಾಭ್ಯಾಸ ತಟ್ಟನೆ ನೆರವಿಗೆ ಬರುತ್ತಿತ್ತು.

ಚೌಕಟ್ಟಿನ ಎಡಬದಿಯಲ್ಲಿ ಪೇಟೆಂಟ್ ದಿನಾಂಕಗಳಿದ್ದವು: 1871ರ ಸೆಪ್ಟೆಂಬರ್ 19, 1872ರ ಜುಲೈ 2, 1875ರ ಜನವರಿ 19. ಅವುಗಳನ್ನು ಭಕ್ತಿಯಿಂದ ಗಟ್ಟಿಯಾಗಿ ಓದಿದೆ. ‘1874ರಲ್ಲಿ ಕೊಟ್ಟ ವಸ್ತುವಿನ ಮೇಲೆ 1875 ಹೇಗೆ ಬಂತು?’ ಎಂದು ಕೇಳಿದ್ದು ನನ್ನ ಹೆಂಡತಿ; ಅವಳು ಬಂದೂಕಿನ ಬಗ್ಗೆ ಒಂದು ಪುಟವನ್ನೂ ಓದಿದವಳಲ್ಲ. ಪೇಟೆಂಟು ಬರುವುದು ಖಚಿತವೆಂದು ಕಾರ್ಖಾನೆಯವರು ಮುಂಚಿತವಾಗಿಯೇ ಮುದ್ರೆ ಒತ್ತಿರಬಹುದು ಎಂದು ನಾನು ವಿವರಿಸಿದೆ. ಯಜಮಾನರು ಇದನ್ನು ಮೆಚ್ಚಿ ತಲೆದೂಗಿದರು. ಆ ವಿವರಣೆ ಅವರಿಗೂ ಹೊಸದೆಂದು ಕಾಣುತ್ತದೆ.

ಅದೇ ಬದಿಯಲ್ಲಿ ಸೈನ್ಯದ ಸ್ವತ್ತೆಂದು ಸೂಚಿಸುವ ‘ಯುಎಸ್’ ಅಕ್ಷರಗಳೂ, ಕೆಳಗೆ ಕೆಲವು ಭಾಗಗಳ ಮೇಲೆ ಪುಟ್ಟ ‘ಎ’ ಮುದ್ರೆಯೂ ಇದ್ದವು. ಆರಂಭದ ವರ್ಷಗಳಲ್ಲಿ ಸೈನ್ಯದ ಪರವಾಗಿ ಈ ರಿವಾಲ್ವರುಗಳನ್ನು ಪರೀಕ್ಷಿಸಿದ ಆರ್ವಿಲ್ ಏನ್ಸ್‌ವರ್ತ್ ಎಂಬವರ ಗುರುತು ಅದು. ಅಮೆರಿಕದ ಸೇನಾಧಿಕಾರಿ ಕಸ್ಟರ್ ಮೂಲನಿವಾಸಿಗಳೆದುರು ಸೋತು ಮಡಿದ 1876ರ ಲಿಟಲ್ ಬಿಗ್‌ಹಾರ್ನ್ ಕದನದಲ್ಲಿ ಆತನ ಅಶ್ವದಳದ ಕೈಯಲ್ಲಿದ್ದವು ಇಂಥವೇ ಎಂಬ ಕಾರಣಕ್ಕೆ ಆ ಒಂದು ಅಕ್ಷರ ಬೆಲೆಯನ್ನು ಎಲ್ಲಿಂದ ಎಲ್ಲಿಗೋ ಒಯ್ಯುತ್ತದೆ. ಆ ಕಾರಣಕ್ಕೇ ಅತಿ ಹೆಚ್ಚು ಖೋಟಾ ಆಗುವುದೂ ಅದೇ. ಭೂತಗನ್ನಡಿಯಲ್ಲಿ ಆ ‘ಎ’ ನಿನ್ನೆ ಕೆತ್ತಿದಷ್ಟು ಸ್ಪಷ್ಟವಾಗಿ ಹೊಳೆಯಿತು. ಸುತ್ತಲಿನ ಲೋಹವೆಲ್ಲ ಸವೆದು ನುಣುಪಾಗಿ, ಪಕ್ಕದ ದಿನಾಂಕಗಳ ಅಂಚು ಕರಗಿ ಮಸುಕಾಗಿದ್ದರೂ ಈ ಅಕ್ಷರದ ಮೂರು ಗೆರೆಗಳು ಮಾತ್ರ ಉಗುರಿಗೆ ತಾಗುವಷ್ಟು ಚೂಪಾಗಿದ್ದವು. ಸವೆತದ ಮೇಲೆ ಕುಳಿತ ಮುದ್ರೆ ಸವೆತಕ್ಕಿಂತ ಕಿರಿಯದು ಎಂಬುದು ಈ ವಿದ್ಯೆಯ ಮೊದಲ ಪಾಠ. ನಾನು ಹೇಳಿದ್ದು, ‘ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಾರೆ!’ ಎಂದು.

ಭಾವಮೈದುನ ಅಷ್ಟರಲ್ಲಿ ತನ್ನ ಒಂಟಿ ಕಣ್ಣಿನ ಮಸೂರವನ್ನು ಸಿಕ್ಕಿಸಿಕೊಂಡು ಸ್ಕ್ರೂಗಳನ್ನು ನೋಡುತ್ತಿದ್ದ. ಸ್ಕ್ರೂವಿನ ತೂತಿನ ಅಂಚುಗಳು ಚೂಪಾಗಿರದೆ, ತಟ್ಟೆಯ ಹಾಗೆ ಒಳಕ್ಕೆ ಇಳಿಜಾರಾಗಿವೆ ಎಂದ. ಹಳೆಯ ಗಡಿಯಾರದ ಕವಚವನ್ನು ಪಾಲಿಶ್ ಚಕ್ರಕ್ಕೆ ಹಿಡಿದರೂ ಹೀಗೇ ಆಗುತ್ತದೆಯಂತೆ: ಚಕ್ರದ ಮೆತ್ತನೆಯ ಬಟ್ಟೆ ತೂತು ಬಂದಲ್ಲೆಲ್ಲ ಸ್ವಲ್ಪ ಒಳಗಿಳಿದು ಅಂಚನ್ನು ತಿಂದುಬಿಡುತ್ತದೆ. ನಳಿಗೆಯ ನೀಲಿ ಬಣ್ಣದ ಅಡಿಯಲ್ಲಿ ಸಿಡುಬಿನ ಕಲೆಯಂಥ ತುಕ್ಕಿನ ಗುಳಿಗಳಿದ್ದವು, ಗುಳಿಗಳ ಒಳಗೂ ಬಣ್ಣವಿತ್ತು. ಅಂದರೆ ಮೊದಲು ತುಕ್ಕು, ಆಮೇಲೆ ನೀಲಿ. ಮರುಬಣ್ಣ ಕಂಡ ಹಳೆಯ ರಿವಾಲ್ವರಿನ ಬೆಲೆ ಅರ್ಧಕ್ಕೆ ಇಳಿಯುವುದುಂಟು. ತೊಂಬತ್ತು ಪಾಲು ಬಣ್ಣ ಹೋಗಿ ಬೋಳಾಗಿದ್ದರೂ ಮೂಲದ್ದೇ ಆಗಿರಲಿ ಎನ್ನುವವರು ಸಂಗ್ರಾಹಕರು. ಹೊರಗಿನವರಿಗೆ ಇದು ಹುಚ್ಚಾಗಿ ಕಾಣುತ್ತದೆ, ನನ್ನ ಹೆಂಡತಿಗೂ ಕಂಡಿತು.

ಇನ್ನು ಸಂಖ್ಯೆಗಳು. ಚೌಕಟ್ಟು, ಟ್ರಿಗರಿನ ಕಾವಲು ಬಳೆ, ಹಿಡಿಯ ಪಟ್ಟಿ, ಈ ಮೂರರ ಮೇಲೂ ಒಂದೇ ಕ್ರಮಸಂಖ್ಯೆ ಇರಬೇಕು. ಇಲ್ಲಿ ಮೂರು ಭಾಗಗಳಲ್ಲಿ ಮೂರು ಸಂಖ್ಯೆಗಳಿದ್ದವು. ಬೇರೆ ಯಾರಾದರೂ ಆ ಕ್ಷಣವೇ ಎದ್ದು ಬರುತ್ತಿದ್ದರು. ನಾನು ಮಾತ್ರ ಹರ್ಷದಿಂದ, ‘ಆರ್ಟಿಲರಿ!’ ಎಂದು ಕೂಗಿದೆ. ವಿಷಯ ಹೀಗಿದೆ: ಸೈನ್ಯವು 1890ರ ದಶಕದ ಮಧ್ಯದಲ್ಲಿ ತನ್ನ ಹಳೆಯ ರಿವಾಲ್ವರುಗಳನ್ನು ವಾಪಸು ಪಡೆದು, ಬಿಚ್ಚಿ, ನಳಿಗೆಗಳನ್ನು ಕತ್ತರಿಸಿ ಗಿಡ್ಡ ಮಾಡಿ, ಸಂಖ್ಯೆಗಳನ್ನು ಲೆಕ್ಕಿಸದೆ ಮತ್ತೆ ಜೋಡಿಸಿತು. ಸಂಗ್ರಾಹಕರು ಅವನ್ನು ಆರ್ಟಿಲರಿ ಮಾದರಿ ಎನ್ನುತ್ತಾರೆ, ಅವುಗಳಲ್ಲಿ ಸಂಖ್ಯೆ ಕಲಸಿಹೋಗಿರುವುದೇ ಸಹಜ. ಇದನ್ನೆಲ್ಲ ನಾನು ನಿಂತುಕೊಂಡೇ ಉಪನ್ಯಾಸ ಮಾಡಿದೆ. ಕೇಳಿ ಮುಗಿಸಿದ ಹೆಂಡತಿ, ‘ಗಿಡ್ಡ ಮಾಡಿದರು ಅಂದಿರಲ್ಲ, ಎಷ್ಟಕ್ಕೆ ಮಾಡಿದರು?’ ಎಂದಳು. ಐದೂವರೆ ಅಂಗುಲ ಎಂದೆ. ಅವಳು ಕಿಟಕಿಯ ಪರದೆ ಅಳೆಯಲು ಚೀಲದಲ್ಲಿ ಇಟ್ಟುಕೊಂಡಿದ್ದ ಹೊಲಿಗೆಯ ಟೇಪನ್ನು ತೆಗೆದು, ನಳಿಗೆಯ ಬಾಯಿಂದ ಸಿಲಿಂಡರಿನವರೆಗೆ ಹಿಡಿದು, ‘ಏಳೂವರೆ ಇದೆ ರೀ’ ಎಂದಳು. ಟೇಪನ್ನು ಕಸಿದುಕೊಂಡು ನಾನೂ ಅಳೆದೆ. ಹಿಂದಿನಿಂದ ಅಳೆದೆ, ಮುಂದಿನಿಂದ ಅಳೆದೆ, ಟೇಪನ್ನೇ ತಿರುಗಿಸಿ ಅಳೆದೆ. ಏಳೂವರೆ ಅಂಗುಲ ಏಳೂವರೆಯಾಗಿಯೇ ಉಳಿಯಿತು.

ಆಗಲೂ ನಾನು ಸೋಲೊಪ್ಪಲಿಲ್ಲ. ಬೆಲೆಯ ಮಾತು ಬಂದಾಗ ಯಜಮಾನರು ಇನ್ನೊಂದು ಇಂಥದೇ ರಿವಾಲ್ವರಿಗೆ ಯಾರೋ ಕೇಳುತ್ತಿದ್ದ ಬೆಲೆಯ ಕಾಗದವನ್ನು ಮುಂದಿಟ್ಟರು. ಕೇಳಿದ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ನೋಡಬೇಕಾದದ್ದು ಎರಡನೆಯದನ್ನು ಎಂಬುದು ನನಗೆ ಗೊತ್ತಿತ್ತು. ಆದರೆ ನನ್ನ ತಲೆಯಲ್ಲಿದ್ದದ್ದು ಅಮೆರಿಕದ ಷೆರಿಫ್, ಅಂದರೆ ಪೊಲೀಸ್ ಅಧಿಕಾರಿ, ಪ್ಯಾಟ್ ಗ್ಯಾರೆಟ್. ಆತ 1881ರಲ್ಲಿ ಬಿಲ್ಲಿ ದ ಕಿಡ್ ಎಂಬ ಕುಖ್ಯಾತ ಅಪರಾಧಿಯನ್ನು ಕೊಂದ ಇದೇ ಮಾದರಿಯ ಕೋಲ್ಟ್ 2021ರ ಹರಾಜಿನಲ್ಲಿ ಅರವತ್ತು ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಅಷ್ಟು ಬೆಲೆ ಬಂದದ್ದು ಕಬ್ಬಿಣಕ್ಕಲ್ಲ, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಕಾಗದಪತ್ರಗಳಿಗೆ. ನಮ್ಮ ಕರ್ನಲ್ ಸಾಹೇಬರಿಗೂ ಒಂದು ಕಾಗದ ಸಿಕ್ಕಿಬಿಟ್ಟರೆ ಎಂದು ನನ್ನ ಎದೆ ಡವಗುಟ್ಟಿತು. ಮುಂಗಡ ಕೊಡಲು ಹೆಂಡತಿ ಬಿಡಲಿಲ್ಲ. ಚೌಕಟ್ಟಿನ ಸಂಖ್ಯೆಯನ್ನು ಬರೆದುಕೊಂಡು, ಕೋಲ್ಟ್ ಕಂಪನಿಯ ಹಳೆಯ ದಾಖಲೆಗಳಿಂದ ಪತ್ರ ತರಿಸಲು ಶುಲ್ಕ ಕಟ್ಟಿದೆ.

ಕಾರ್ಖಾನೆಯ ಪತ್ರವೆಂದು ಕರೆಯುವ ಈ ಕಾಗದದಲ್ಲಿ ಆ ಸಂಖ್ಯೆಯ ರಿವಾಲ್ವರ್ ಯಾವ ಅಳತೆಯ ನಳಿಗೆ, ಯಾವ ಬಣ್ಣ, ಯಾವ ಗುಂಡಿನ ಗಾತ್ರದೊಂದಿಗೆ ಯಾವಾಗ, ಯಾರಿಗೆ ರವಾನೆಯಾಯಿತು ಎಂಬ ವಿವರವಿರುತ್ತದೆ. ಅದು ಸಂಖ್ಯೆಯ ಜಾತಕವೇ ಹೊರತು ನಮ್ಮ ಕೈಯಲ್ಲಿರುವ ವಸ್ತುವಿಗೆ ಪ್ರಮಾಣಪತ್ರವಲ್ಲ. ಬಹಳ ದಿನ ಕಾದ ಮೇಲೆ ಬಂದ ನಮ್ಮ ಜಾತಕದ ಪ್ರಕಾರ, ಆ ಸಂಖ್ಯೆಯ ರಿವಾಲ್ವರ್ ನಾಲ್ಕೂಮುಕ್ಕಾಲು ಅಂಗುಲದ ನಳಿಗೆಯೊಂದಿಗೆ, ಮೈಗೆಲ್ಲ ನಿಕ್ಕಲ್ ಲೇಪ ಹೊತ್ತು, 1880ರ ದಶಕದಲ್ಲಿ ಕಬ್ಬಿಣ ಸಾಮಾನಿನ ವ್ಯಾಪಾರಿಯೊಬ್ಬರಿಗೆ ಹೋಗಿತ್ತು. ಸೈನ್ಯ, ಅಶ್ವದಳ, ಕರ್ನಲ್, ಯಾರ ಸುಳಿವೂ ಇರಲಿಲ್ಲ. ನಳಿಗೆ ವರ್ಷ ಕಳೆದಂತೆ ಎರಡೂಮುಕ್ಕಾಲು ಅಂಗುಲ ಬೆಳೆದಿರಬಹುದೆಂದು ವಾದಿಸುವಷ್ಟು ವಿದ್ಯೆ ನನ್ನಲ್ಲಿ ಉಳಿದಿರಲಿಲ್ಲ.

ಪತ್ರವನ್ನು ಕೊಂಡೊಯ್ದು, ಆದಷ್ಟು ಮೆತ್ತಗೆ, ಯಜಮಾನರಿಗೆ ಓದಿ ಹೇಳಿ, ವ್ಯಾಪಾರ ಕೈಬಿಡುತ್ತಿರುವುದಾಗಿ ತಿಳಿಸಿದೆ. ಅವರು ಬೇಸರಪಡಲಿಲ್ಲ. ಕಾಗದವನ್ನು ಕೈಗೆ ತೆಗೆದುಕೊಂಡು, ಮೇಲಿನ ಕಂಪನಿಯ ಹೆಸರನ್ನೂ ಕೆಳಗಿನ ಸಹಿಯನ್ನೂ ಬಹಳ ಹೊತ್ತು ನೋಡಿ, ನಡುವಿನ ಸಾಲುಗಳನ್ನು ಓದದೆಯೇ ಮಡಿಸಿ, ‘ಹೇಗೂ ನಿಮಗಿದು ಬೇಡವಲ್ಲ ಸ್ವಾಮಿ, ಇಲ್ಲೇ ಇರಲಿ. ನಾಳೆ ಬರುವವರಿಗೆ ಕಾರ್ಖಾನೆಯ ಪತ್ರವೂ ಇದೆ ಎಂದು ಹೇಳಬಹುದು’ ಎಂದರು.