ಮನೆಯ ಒಟ್ಟು ತೂಕ

ಎಲ್ಲ ಶುರುವಾಗಿದ್ದು 6.2ರಿಂದ.

ದೀಪಾವಳಿಯ ಒಬ್ಬಟ್ಟು ಮೈಗೆ ಹತ್ತಿದ ಮರುವಾರ ನಮ್ಮ ಆಫೀಸಿನಲ್ಲಿ ಉಚಿತ ರಕ್ತ ತಪಾಸಣೆ ಇಟ್ಟಿದ್ದರು. ಉಚಿತ ಅಂದ ಮೇಲೆ ಬಿಡೋದುಂಟಾ? ಹೊಟ್ಟೆ ಖಾಲಿ ಇರಬೇಕಾಗಿಲ್ಲ ಅಂತ ಬೇರೆ ಹೇಳಿದರು. ಆ ಪರೀಕ್ಷೆಯ ಮೇಲೆ ಆಗಲೇ ಪ್ರೀತಿ ಬಂದುಬಿಟ್ಟಿತು. ಚಿತ್ರಾನ್ನ ತಿಂದು ಹೋಗಿ ತೋಳು ಚಾಚಿದೆ.

ಎರಡು ದಿನಕ್ಕೆ ರಕ್ತದ ಸಕ್ಕರೆಯ ರಿಪೋರ್ಟ್ ಬಂತು. ಎಚ್‌ಬಿಎ1ಸಿ 6.2. ಅದು 5.7ರ ಒಳಗಿದ್ದರೆ ನೆಮ್ಮದಿ. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಡುವೆ ಇರುವವರು ಬೇಲಿ ಮೇಲೆ ಕೂತವರು. "ಇದು ಸುಮಾರು ಮೂರು ತಿಂಗಳ ಸರಾಸರಿ. ಹಿಂದಿನ ದಿನ ಉಪವಾಸ ಮಾಡಿ ಯಾಮಾರಿಸೋಕಾಗಲ್ಲ" ಅಂದರು ಡಾಕ್ಟರು. ಕೆಂಪು ರಕ್ತಕಣಗಳು ಹೆಚ್ಚುಕಡಿಮೆ ನಾಲ್ಕು ತಿಂಗಳು ಬದುಕುತ್ತವಂತೆ. ಅಷ್ಟೂ ದಿನ ರಕ್ತದಲ್ಲಿದ್ದ ಸಕ್ಕರೆ ಅವಕ್ಕೆ ಅಂಟಿಕೊಂಡಿರುತ್ತದಂತೆ. ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವನು. ಆಡಿಟ್ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮೂರು ತಿಂಗಳ ವೋಚರುಗಳೆಲ್ಲ ಒಮ್ಮೆಗೇ ಮೇಜಿನ ಮೇಲೆ ಬಿದ್ದ ಹಾಗಾಯಿತು.

ಹೆಂಡತಿಗೆ ಸಮಾಧಾನ ಹೇಳಲು ಹೋದೆ. "2023ರಲ್ಲಿ ಬಂದ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ನನ್ನಂಗೆ ಬೇಲಿ ಮೇಲೆ ಕೂತವರು 13.6 ಕೋಟಿ ಇದ್ದಾರೆ ಕಣೇ."

"ಅವರೆಲ್ಲರ ಮನೇಲೂ ರಾತ್ರಿ ಹನ್ನೊಂದಕ್ಕೆ ಕೋಡುಬಳೆ ಡಬ್ಬ ಸದ್ದು ಮಾಡುತ್ತೇನ್ರೀ?"

ಆ ಸದ್ದು ಇಷ್ಟು ವರ್ಷ ಯಾರಿಗೂ ಕೇಳಿಸುತ್ತಿಲ್ಲ ಅಂದುಕೊಂಡಿದ್ದೆ.

ಅವತ್ತೇ ಸಂಜೆ ತೂಕದ ಯಂತ್ರ ತಂದೆ. ಎಲ್ಲರನ್ನೂ ಹತ್ತಿಸಿ ಕ್ಯಾಲೆಂಡರಿನ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಬರೆದೆ. ನಾನು 84. ಹೆಂಡತಿ 66. ಪಿಯುಸಿ ಓದುವ ಮಗ 58. ಏಳನೇ ಕ್ಲಾಸಿನ ಮಗಳು 41. ಕೈ ಸುಮ್ಮನಿರದೆ ಕೆಳಗೊಂದು ಗೆರೆ ಎಳೆದು ಕೂಡಿದೆ. 249. ಲೆಕ್ಕ ಬರೆಯುವವನ ಚಟ. ಅಮ್ಮ ಮಾತ್ರ ಹತ್ತಲಿಲ್ಲ. "ನಾನೇನು ಸಂತೇಲಿ ಮಾರೋ ಮೆಣಸಿನಕಾಯಾ?" ಅಂದು ಒಳಗೆ ಹೋದಳು.

ಮೊದಲ ನಾಲ್ಕು ದಿನ ನನಗೊಂದು ಅಡುಗೆ, ಉಳಿದವರಿಗೊಂದು. ಡಯಟ್ ನನ್ನದು, ಕೆಲಸ ಹೆಂಡತಿಯದು. ನನಗೆ ಸೌತೆಕಾಯಿ ಹೆಚ್ಚುವುದೂ ಅವಳೇ, ಅದನ್ನು ನಾನು ಬಿಟ್ಟರೆ ತಿನ್ನುವುದೂ ಅವಳೇ. ಐದನೇ ದಿನ ಸೌಟು ಕುಕ್ಕಿದಳು. "ಎರಡೆರಡು ಅಡುಗೆ ಮಾಡೋಕೆ ನಾನೇನು ಹೋಟೆಲ್ ಇಟ್ಟಿದೀನಾ? ನಾಳೆಯಿಂದ ಎಲ್ಲರಿಗೂ ಅಪ್ಪನ ಊಟವೇ." ಮಗ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಯಾರೋ ಮಾಡಿದ ಸಾಲಕ್ಕೆ ಜಾಮೀನು ಹಾಕಿ ಸಿಕ್ಕಿಬಿದ್ದವರು ನಮ್ಮ ಆಫೀಸಿಗೆ ಬಂದಾಗ ಹಾಗೇ ನೋಡುತ್ತಾರೆ.

ಬಿಳಿ ಅಕ್ಕಿ ಹೋಗಿ ಕೊರಲೆ ಅನ್ನೋ ಸಿರಿಧಾನ್ಯ ಬಂತು. ರಾತ್ರಿ ನೆನೆಹಾಕಿದ್ದ ಪಾತ್ರೆಯ ಮುಚ್ಚಳ ಎತ್ತಿ ಅಮ್ಮ ಕೇಳಿದಳು, "ಏನೋ ಇದು, ಕೊರ್ಲೆನಾ?"

ಅಮ್ಮ ಮಧುಗಿರಿ ಕಡೆಯವಳು. ಅವಳ ಚಿಕ್ಕಂದಿನಲ್ಲಿ ಅನ್ನ ಅಂದರೆ ಹಬ್ಬ. ಉಳಿದ ದಿನವೆಲ್ಲ ರಾಗಿ, ಸಾಮೆ, ಕೊರಲೆ.

"ಒನಕೆ ಹಿಡಿದು ಕುಟ್ಟಿ ಕುಟ್ಟಿ ಅಂಗೈಯೆಲ್ಲ ಬೊಬ್ಬೆ ಬರೋದು. ನನ್ನ ಮಗ ದಿನಾ ಅನ್ನ ಉಣ್ಲಿ ಅಂತ ನಿನ್ನ ಓದಿಸಿದ್ದು ಕಣೋ. ನೀನು ನೋಡಿದ್ರೆ ಅಕ್ಕಿಗಿಂತ ಜಾಸ್ತಿ ದುಡ್ಡು ಕೊಟ್ಟು ಕೊರ್ಲೆ ತಂದಿದೀಯಲ್ಲ!"

"ಅಮ್ಮಾ, 2023ನ್ನ ವಿಶ್ವಸಂಸ್ಥೆಯವರು ಸಿರಿಧಾನ್ಯದ ವರ್ಷ ಅಂತಲೇ ಮಾಡಿದ್ರು. ಮಾಡಿ ಅಂತ ಕೇಳಿದ್ದೇ ನಮ್ಮ ದೇಶ."

"ಅವರು ಕುಟ್ಟಿದ್ರಾ?"

ಉತ್ತರ ಹೊಳೆಯಲಿಲ್ಲ. ಹೆಂಡತಿ ಮಾಡಿದ ಮೊದಲ ದಿನದ ಕೊರಲೆ ಅನ್ನ ಗಂಟಲಲ್ಲಿ ಮರಳಿನ ಹಾಗೆ ಇಳಿಯಿತು. ಅಮ್ಮ ಎರಡು ತುತ್ತು ತಿಂದವಳು ಮಾತಾಡದೆ ಎದ್ದು ಹೋದಳು. ಮರುದಿನ ಒಲೆ ಮುಂದೆ ನಿಂತಿದ್ದವಳು ಅವಳೇ. ನೀರು ಎಷ್ಟು, ಉರಿ ಎಷ್ಟು, ಇಳಿಸಿದ ಮೇಲೆ ಎಷ್ಟು ಹೊತ್ತು ಮುಚ್ಚಿಡಬೇಕು, ಎಲ್ಲ ಅವಳ ಕೈಯಲ್ಲೇ ಇತ್ತು. ಅರವತ್ತು ವರ್ಷ ಮಾಡಿಲ್ಲದಿದ್ದರೂ ಕೈ ಮರೆತಿರಲಿಲ್ಲ. ನಮ್ಮ ಗೇಟಿನ ಹತ್ತಿರ ಮಿಕ್ಕಿದ ಅನ್ನಕ್ಕೆ ಕಾಯುತ್ತಿದ್ದ ಬೀದಿನಾಯಿ ಮಾತ್ರ ಎರಡು ದಿನ ಮೂಸಿ ನೋಡಿ ಎದುರುಮನೆಗೆ ವರ್ಗ ಮಾಡಿಸಿಕೊಂಡಿತು.

ಉಪ್ಪಿನ ಕಥೆ ಬೇಗ ಮುಗಿಯಿತು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗಿರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐದು ಜನಕ್ಕೆ 25 ಗ್ರಾಂ ಅಳೆದು ಬಟ್ಟಲಲ್ಲಿಟ್ಟು, ದಿನಕ್ಕೆ ಇಷ್ಟೇ ಅಂದೆ. ಅಮ್ಮ ಉಪ್ಪಿನಕಾಯಿ ಜಾಡಿಯನ್ನು ತನ್ನ ಮಂಚದ ಕೆಳಗೆ ಇಟ್ಟುಕೊಂಡಳು. ಮೊಮ್ಮಕ್ಕಳಿಗೆ ಇದ್ದಕ್ಕಿದ್ದಂತೆ ಅಜ್ಜಿಯ ಮೇಲೆ ಪ್ರೀತಿ ಉಕ್ಕಿತು. ಊಟದ ತಟ್ಟೆ ಸಮೇತ ಅವಳ ಕೋಣೆಗೆ ಹೋಗಿ ಕಥೆ ಕೇಳತೊಡಗಿದರು.

ಆಮೇಲೆ ಚಿಯಾ. ಮೆಕ್ಸಿಕೋ ಕಡೆಯ ಈ ಬೀಜ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಡೆಯಿಂದ ನಮ್ಮ ರೈತರ ಹೊಲಕ್ಕೂ ಬಂದಿದೆ. ನಮ್ಮ ರೈತರು ಬೆಳೆದಿದ್ದು ಅಂತ ಅಭಿಮಾನದಿಂದ ಕಾಲು ಕೆಜಿ ತಂದೆ. ಸಣ್ಣ ಕಾಳು, ಬೂದು ಕಪ್ಪು ಬಣ್ಣ. ಹೆಂಡತಿ ಸ್ಟೀಲ್ ಡಬ್ಬಕ್ಕೆ ಸುರಿದು ಒಲೆಯ ಪಕ್ಕದ ಕಟ್ಟೆ ಮೇಲಿಟ್ಟಳು. ಅಮ್ಮನಿಗೆ ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದು ಬಾಕಿ ಇದೆ. ಮುಂದಿನದು ನಿಮಗೇ ಗೊತ್ತಾಗಿರಬೇಕು.

ಅವತ್ತು ಹೆಂಡತಿಯ ಅಣ್ಣ ಅತ್ತಿಗೆ ಊಟಕ್ಕೆ ಬಂದಿದ್ದರು. ನಾನು ಹಾಲಿನಲ್ಲಿ ಕೂತು ಅವರಿಗೆ ನಾರಿನಂಶದ ಬಗ್ಗೆ ಹೇಳುತ್ತಿದ್ದೆ. ಅಡುಗೆಮನೆಯಿಂದ ಅಮ್ಮನ ಗೊಣಗಾಟ ಕೇಳುತ್ತಿತ್ತು. "ಈ ಸಾಸಿವೆ ಯಾಕೋ ಸಿಡೀತಾನೇ ಇಲ್ಲ. ಹಳೇದು ಕೊಟ್ಟವ್ನೆ ಅಂಗಡಿಯವ್ನು." ಇನ್ನೊಂದು ಚಮಚ ಹಾಕಿದಳು. ಅದೂ ಸಿಡಿಯಲಿಲ್ಲ. ಮತ್ತೊಂದು. ಕೊನೆಗೆ ಬೇಸತ್ತು ಇಂಗು ಕರಿಬೇವು ಹಾಕಿ, ಚೊಂಯ್ ಅನ್ನಿಸಿ, ತಿಳಿಸಾರಿಗೆ ಸುರಿದು ಮುಚ್ಚಿಟ್ಟಳು.

ಅರ್ಧ ಗಂಟೆ ಬಿಟ್ಟು ಬಡಿಸಲು ಕೂತೆವು. ಹೆಂಡತಿ ಸೌಟು ಎತ್ತಿದರೆ ಸಾರೂ ಅದರ ಜೊತೆ ಎದ್ದು ಬಂತು. ಕೆಳಗೆ ಬೀಳಲು ಒಪ್ಪಲಿಲ್ಲ. ಒಂದೊಂದು ಕಾಳಿನ ಸುತ್ತಲೂ ಲೋಳೆ, ಲೋಳೆಯ ನಡುವೆ ಕಪ್ಪು ಚುಕ್ಕೆ. ಮಳೆಗಾಲದಲ್ಲಿ ಕೆರೆ ದಂಡೆಯಲ್ಲಿ ಕಪ್ಪೆ ಮೊಟ್ಟೆ ನೋಡಿದವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಯಾರೂ ಮಾತಾಡಲಿಲ್ಲ. ಹೆಂಡತಿಯ ಅಣ್ಣ ಬಲು ಸಂಭಾವಿತ. ಒಂದು ತುತ್ತು ಜಾರಿಸಿಕೊಂಡು, "ಸಬ್ಬಕ್ಕಿ ಸಾರಾ? ಚೆನ್ನಾಗಿದೆ" ಅಂದರು. ಆಮೇಲೆ ಮೂರು ಸಲ ಮಜ್ಜಿಗೆ ಹಾಕಿಸಿಕೊಂಡರು.

ಆ ರಾತ್ರಿಯೇ ಎರಡೂ ಡಬ್ಬಗಳಿಗೆ ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸಿದೆ. ಅಂಟಿಸುವಾಗ ಅದಲುಬದಲಾಗಿದ್ದು ನನ್ನ ತಪ್ಪೇ. ಬೆಳಿಗ್ಗೆ ಎದ್ದು ನಿಂಬೆ ನೀರಿನಲ್ಲಿ ರಾತ್ರಿಯಿಡೀ ನೆನೆದ ಸಾಸಿವೆ ಕುಡಿದೆ. ಮೂಗಿನವರೆಗೂ ಆರೋಗ್ಯ ಏರಿತು.

ಇಷ್ಟೆಲ್ಲ ಆದರೂ ಒಂದೂವರೆ ತಿಂಗಳಿಗೆ ಮನೆ ದಾರಿಗೆ ಬಂತು ಅನ್ನಿಸಿತು. ಗಲಾಟೆ ನಿಂತಿತು. ಮಗಳ ಡಬ್ಬಿ ದಿನಾ ಖಾಲಿ ಬರುತ್ತಿತ್ತು. ನವಣೆ ಬಿಸಿಬೇಳೆಬಾತ್, ರಾಗಿ ರೊಟ್ಟಿ, ಮೊಳಕೆ ಹೆಸರುಕಾಳು, ಏನು ಹಾಕಿದರೂ ಚೂರೂ ಉಳಿಯುತ್ತಿರಲಿಲ್ಲ. ಮಗ ರಾತ್ರಿ ಊಟಕ್ಕೆ "ಸ್ವಲ್ಪ ಸಾಕಮ್ಮ" ಅನ್ನತೊಡಗಿದ. ಮಿತಾಹಾರಿ ಆದ ಅಂತ ಖುಷಿಪಟ್ಟೆ. ಅವನ ಬ್ಯಾಗಿನಿಂದ ಬೇಕರಿಯ ಖಾರಾ ಬನ್ನಿನ ಈರುಳ್ಳಿ ವಾಸನೆ ಬಂದಾಗ, ಪಕ್ಕದಲ್ಲಿ ಕೂರುವ ಹುಡುಗನದಿರಬೇಕು ಅಂದುಕೊಂಡೆ. ನಂಬಬೇಕು ಅಂತ ತೀರ್ಮಾನ ಮಾಡಿದವನಿಗೆ ಮೂಗು ಏನು ಮಾಡೀತು?

ಎಲ್ಲಕ್ಕಿಂತ ಹೆಮ್ಮೆ ತಂದಿದ್ದು ಭಾನುವಾರ. ನಾನು ಬೆಳಿಗ್ಗೆ ಆರಕ್ಕೇ ನಮ್ಮ ತುಮಕೂರಿನ ಅಮಾನಿಕೆರೆಯ ಸುತ್ತ ನಡೆಯಲು ಹೋಗುತ್ತಿದ್ದೆ. ಒಂದು ಭಾನುವಾರ ಹೆಂಡತಿ ಹೇಳಿದಳು, "ನಾವೂ ಏನಾದ್ರೂ ಮಾಡ್ಬೇಕಲ್ವಾ ರೀ? ಮಕ್ಕಳನ್ನ ಕರ್ಕೊಂಡು ಸಿದ್ಧಗಂಗೆ ಬೆಟ್ಟ ಹತ್ತಿ ಬರ್ತೀನಿ." ಭಾನುವಾರ ಒಂಬತ್ತರ ತನಕ ಮುಸುಕು ತೆಗೆಯದ ಮಗ ಐದೂವರೆಗೆ ಎದ್ದು ತಲೆ ಬಾಚಿಕೊಂಡು ನಿಂತಿದ್ದ! ನನ್ನ ಕಣ್ಣು ತೇವವಾಯಿತು. ಆಫೀಸಿನಲ್ಲಿ ಭಾಷಣವನ್ನೇ ಮಾಡಿದೆ. "ಮನೇಲಿ ಒಬ್ಬ ಸರಿಹೋದ್ರೆ ಸಾಕು ಸ್ವಾಮಿ, ಉಳಿದವರು ತಾವಾಗೇ ಹಿಂದೆ ಬರ್ತಾರೆ." ಟೀ ತರುವ ಹುಡುಗ ಕೂಡ ನಿಂತು ಕೇಳಿದ.

ತುಮಕೂರಿನವರು ಇಷ್ಟು ಹೊತ್ತಿಗೆ ನಗುತ್ತಿರುತ್ತೀರಿ. ಸಿದ್ಧಗಂಗೆ ಬೆಟ್ಟದ ಬುಡದಲ್ಲೇ ಕ್ಯಾತ್ಸಂದ್ರ ಇದೆ ಅನ್ನೋದು ನಿಮಗೆ ಗೊತ್ತು. ನನಗೂ ಗೊತ್ತಿತ್ತು. ಹೊಳೆಯಲಿಲ್ಲ, ಅಷ್ಟೇ.

ಮೂರು ತಿಂಗಳು ತುಂಬುವ ಭಾನುವಾರ. ಅಮಾನಿಕೆರೆಯಲ್ಲಿ ಎರಡನೇ ಸುತ್ತಿನಲ್ಲಿದ್ದೆ. ಜೇಬಿನಲ್ಲಿ ಟಿಣ್ ಅಂತು. ನಮ್ಮದು ಜಂಟಿ ಖಾತೆ. ಹೆಂಡತಿ ಫೋನಿನಲ್ಲಿ ದುಡ್ಡು ಕಟ್ಟಿದರೆ ಮೆಸೇಜು ನನಗೂ ಬರುತ್ತದೆ. ಅಷ್ಟು ದಿನ ನಗದು ಕೊಟ್ಟು ಬಚಾವಾಗಿದ್ದವಳಿಗೆ ಅವತ್ತು ಚಿಲ್ಲರೆ ಸಿಕ್ಕಿಲ್ಲ. 8 ಗಂಟೆ 10 ನಿಮಿಷ. ಮುನ್ನೂರು ಚಿಲ್ಲರೆ ರೂಪಾಯಿ. ಸಂದಾಯವಾದದ್ದು ತಟ್ಟೆ ಇಡ್ಲಿಗೇ ಹೆಸರಾದ ಕ್ಯಾತ್ಸಂದ್ರದ ಒಂದು ಹೋಟೆಲಿಗೆ.

ನಾನು ಏನೂ ಕೇಳಲಿಲ್ಲ. ಅವರು ಬರುವಷ್ಟರಲ್ಲಿ ಮನೆಗೆ ಬಂದು ತೂಕದ ಯಂತ್ರವನ್ನು ಹಾಲಿನ ನಡುವೆ ಇಟ್ಟು ಕ್ಯಾಲೆಂಡರ್ ಇಳಿಸಿಕೊಂಡು ಕೂತೆ. ಮೂವರೂ ಬಂದರು. ಬೆಟ್ಟ ಹತ್ತಿದ ಬೆವರು ಯಾರ ಹಣೆಯಲ್ಲೂ ಇರಲಿಲ್ಲ. "ಹತ್ತಿ" ಅಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಹತ್ತಿದರು.

ನಾನು 79.5. ನಾಲ್ಕೂವರೆ ಕೆಜಿ ಇಳಿದಿದ್ದೆ. ಹೆಂಡತಿ 68. ಮಗ 60. ಮಗಳು 41.5. ಗೆರೆ ಎಳೆದು ಕೂಡಿದೆ. ನಂಬಿಕೆ ಬರದೆ ಕೆಳಗಿನಿಂದ ಮೇಲಕ್ಕೂ ಕೂಡಿದೆ. 249.

ಇಪ್ಪತ್ತೆರಡು ವರ್ಷ ಲೆಕ್ಕ ಬರೆದಿದ್ದೇನೆ. ಮೊದಲ ಸಲಕ್ಕೇ ಇಷ್ಟು ಚೊಕ್ಕವಾಗಿ ತಾಳೆಯಾದ ಲೆಕ್ಕ ನೋಡಿಲ್ಲ. ನಾನು ಬಿಟ್ಟ ಪ್ರತಿ ಗ್ರಾಮನ್ನೂ ಇವರು ಎತ್ತಿ ಜಮಾ ಮಾಡಿಕೊಂಡಿದ್ದರು.

"ನಾನು ಬೆಳೀತಾ ಇದೀನಪ್ಪ" ಅಂದ ಮಗ. ಮಗಳು ತಾನಾಗೇ ಒಪ್ಪಿಕೊಂಡಳು. ಅದು ಅಪ್ಪನ ಔಷಧಿ ಊಟ ಅಂತ ಕ್ಲಾಸಿನಲ್ಲಿ ಹೇಳಿದ್ದಳಂತೆ. ಪಾಪ ಅಂತ ಗೆಳತಿಯರು ದಿನಾ ತಮ್ಮ ಪೂರಿ, ನೂಡಲ್ಸ್ ಕೊಡುತ್ತಿದ್ದರಂತೆ. ಆದರೆ ನವಣೆ ಬಿಸಿಬೇಳೆಬಾತಿಗಾಗಿ ಒಬ್ಬಳು ಟೀಚರೇ ಸಾಲಿನಲ್ಲಿ ನಿಲ್ಲುತ್ತಾರಂತೆ. ಹೇಗೆ ಮಾಡೋದು ಅಂತ ಬರೆಸಿಕೊಂಡಿದ್ದಾರಂತೆ. ಅಂತೂ ನನ್ನ ಪ್ರಭಾವ ಯಾರ ಮನೆಗೋ ತಲುಪಿತ್ತು.

ಹೆಂಡತಿ ಮಾತ್ರ ತಪ್ಪು ಒಪ್ಪಲಿಲ್ಲ. "ಬೆಟ್ಟ ಹತ್ತಿಲ್ಲ ಅಂತ ಯಾರು ಹೇಳಿದ್ದು? ಮೊದಲನೇ ವಾರ ಹತ್ತಿದ್ವಿ."

ಕೊನೆಯ ಆಸರೆ ಅಮ್ಮ. ಅವಳೊಬ್ಬಳಾದರೂ ನನ್ನ ಕಡೆ ಇದ್ದಾಳೆ ಅಂತ ಕೋಣೆಗೆ ಹೋದೆ. ಗಡಿಬಿಡಿಯಲ್ಲಿ ಸೆರಗಿನ ಕೆಳಗೆ ಏನೋ ಸರಿಸಿದಳು. ಬಾಳೆಲೆಯ ತುದಿ ಹೊರಗೆ ಕಾಣುತ್ತಿತ್ತು. "ನಂಗೇನೂ ಗೊತ್ತಿಲ್ಲಪ್ಪ" ಅಂದಳು. ಬಾಯಿಯ ಮೂಲೆಯಲ್ಲಿ ಚಟ್ನಿ ಇತ್ತು. ಅವಳು ಯಂತ್ರ ಯಾಕೆ ಹತ್ತುವುದಿಲ್ಲ ಅಂತ ಆಗ ತಿಳಿಯಿತು.

ಮರುದಿನ ಮತ್ತೆ ರಕ್ತ ಕೊಟ್ಟೆ. 5.9 ಬಂತು. ಇನ್ನೂ ಬೇಲಿ ಮೇಲೇ. ಆದರೆ ಈಗ ಕಾಲು ಈಚೆ ಕಡೆ ಇಳಿಬಿಟ್ಟಿದ್ದೇನೆ. "ಇಷ್ಟಾದ್ರೆ ಒಂದು ಇಡ್ಲಿಗೆ ಮೋಸ ಇಲ್ಲ ಬಿಡಿ" ಅಂದಳು ಹೆಂಡತಿ. ಮುಂದಿನ ಭಾನುವಾರ ಐದೂ ಜನ ಹೊರಟೆವು. ನಾಲ್ವರು ಬೆಟ್ಟ ಹತ್ತಿದೆವು, ನಿಜವಾಗಿಯೂ. ಅಮ್ಮ ಕೆಳಗೆ ಕೂತು ಕಾದಳು. ಆಮೇಲೆ ಹೋಟೆಲು.

ನಮ್ಮನ್ನು ನೋಡಿ ಮಾಣಿಯ ಮುಖ ಅರಳಿತು. ಹೆಂಡತಿ ಬಾಯಿ ತೆರೆಯುವ ಮೊದಲೇ, "ಮೇಡಂ, ನಿಮ್ಮ ಮಾಮೂಲಿ ತಾನೆ?" ಅಂದ. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದ. "ಸಾರ್ ಹುಷಾರಾದ್ರಾ? ಮೂರು ತಿಂಗಳಿಂದ ಬರೀ ಗಂಜಿ ಮೇಲಿದಾರೆ, ಎದ್ದು ಓಡಾಡಲ್ಲ ಅಂತಿದ್ರು ಮಕ್ಕಳು."

ಮಗ ಸಾಂಬಾರಿನ ಬಕೆಟ್ಟಿನ ಕಡೆ ನೋಡತೊಡಗಿದ.

ಇಡ್ಲಿ ಬಂತು. ತಟ್ಟೆಯಗಲ, ಹಬೆಯಾಡುತ್ತಾ. ಮಾಣಿ ನನ್ನದರ ಮೇಲೆ ಬೆಣ್ಣೆ ಉಂಡೆ ಇಟ್ಟ. ಮತ್ತೆ ನನ್ನ ಕೆನ್ನೆ ನೋಡಿ, "ಪಾಪ, ಎಷ್ಟು ಸೊರಗಿದೀರಿ ಸಾರ್" ಅಂದು ಇನ್ನೊಂದು ಉಂಡೆ ಇಟ್ಟು ಹೋದ. ಬಿಸಿಗೆ ಅದು ಮೆಲ್ಲಗೆ ಕರಗಿ ಅಂಚಿನ ಕಡೆ ಹರಿಯತೊಡಗಿತು. ನಾನು ಇನ್ನೂ ಕೈ ಹಾಕಿರಲಿಲ್ಲ. ಮಗಳು ಮಾತಿಲ್ಲದೆ ಚಮಚ ಚಾಚಿ, ಎರಡೂ ಉಂಡೆಗಳನ್ನು ತನ್ನ ತಟ್ಟೆಗೆ ಎಳೆದುಕೊಂಡಳು.